ಹಳೇ ಡಿಒ ಮೀಟರ್ ಕೊನೆಗೂ ದಾರಿಗೆ ಬಂತು

ನೀರಲ್ಲಿ ಕರಗಿದ ಆಕ್ಸಿಜನ್ (ಡಿಒ) ಅಳೆಯೋಕೆ ತೆಳು ಪೊರೆಯ ಮೆಂಬ್ರೇನ್ ಪ್ರೋಬ್ ಮೀನಿನ ಹೊಂಡಕ್ಕೆ ಆಗಿಬರೋದಿಲ್ಲ, ಬೆಳಕಿನಿಂದ ಅಳೆಯುವ ಆಪ್ಟಿಕಲ್ ತಗೊಳ್ಳಿ ಅಂತ ಹೇಳದವರೇ ಇಲ್ಲ. ಆಪ್ಟಿಕಲ್‌ಗೆ ನನಗೆ ಬಂದ ಕೊಟೇಶನ್ ಲಕ್ಷದ ಹತ್ತಿರ. ನನ್ನದು ಸೆಕೆಂಡ್ ಹ್ಯಾಂಡ್ ಪೋಲರೋಗ್ರಾಫಿಕ್ (ಮೆಂಬ್ರೇನ್ ಪ್ರೋಬಿನ) ಮೀಟರ್, ಹದಿನಾಲ್ಕು ಸಾವಿರವೋ ಏನೋ ಕೊಟ್ಟಿದ್ದೆ. ಅದೀಗ ರಾಸಾಯನಿಕ ಹಾಕಿ ಆಕ್ಸಿಜನ್ ಅಳೆಯುವ ವಿಂಕ್ಲರ್ ಟೆಸ್ಟ್ ಪಕ್ಕ ಇಟ್ಟರೆ ಲೀಟರಿಗೆ 0.2, ಜಾಸ್ತಿ ಅಂದ್ರೆ 0.3 ಮಿಲಿಗ್ರಾಂ ವ್ಯತ್ಯಾಸ ತೋರಿಸುತ್ತದೆ. ಬಾಟಲಿಗೆ ಹೊಂಡದ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್, ಆಲ್ಕಲಿ ಅಯೋಡೈಡ್ ಹಾಕಿ, ಪರಿಚಯದವರ ಲ್ಯಾಬ್‌ಗೆ ಒಯ್ದು ನೋಡಿದ ಲೆಕ್ಕ ಇದು.

ದೊಡ್ಡ ತೊಂದರೆ ಇದ್ದದ್ದು ಪ್ರೋಬಲ್ಲಿ ಅಲ್ಲ, ಮಾರಿದವರು ಕೊಟ್ಟ ಚಾರ್ಟಲ್ಲಿ. ಮೀಟರ್ ಹೊಂದಿಸೋಕೆ ಇಡಬೇಕಾದ ಅಂಕಿ, ಅಂದ್ರೆ ನೀರು ಗಾಳಿಯಿಂದ ಹಿಡಿಯಬಲ್ಲ ಪೂರ್ತಿ ಆಕ್ಸಿಜನ್, 25 ಡಿಗ್ರಿಗೆ 8.26 ಅಂತ ಬರೆದಿತ್ತು. ಮಂಗಳೂರಿಗೆ ಅದು ಸರಿ. ಮೂಡಿಗೆರೆ ಕಡೆ ನಾವಿರೋದು ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಹತ್ತಿರ. ಗಾಳಿಯ ಒತ್ತಡ ಕಮ್ಮಿ, ಇಲ್ಲಿ 7.3 ಇಟ್ಟುಕೊಳ್ಳಬೇಕು. ಚಾರ್ಟ್ ನಂಬಿದರೆ ಬೆಳಗಿನ ಜಾವ ಮೀಟರ್ 3 ಅಂದಾಗ ನೀರಲ್ಲಿ ನಿಜವಾಗಿ ಇರೋದು 2.7. ಕಾಟ್ಲಾ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೂ ಮೀಟರ್ ಮಾತ್ರ ಆರಾಮಾಗಿತ್ತು!

ಆಮೇಲೆ ರೀಡಿಂಗ್ ನಿಲ್ಲದೆ ಓಡುವ ಕಾಟ. ರಿಪೇರಿಯವರು ನೋಡಿ, ಬಿಸಾಕಿ ಅಂದರು. ಪ್ರೋಬಿನ ಮೆಂಬ್ರೇನ್ ಕ್ಯಾಪ್ ಬಿಚ್ಚಿದರೆ ಬೆಳ್ಳಿ ಆನೋಡ್ ಕಪ್ಪಾಗಿತ್ತು, ಚಿನ್ನದ ಕ್ಯಾಥೋಡ್ ಮೇಲೆ ಬೆಳ್ಳಿ ಕೂತಿತ್ತು. ಆನೋಡನ್ನು ತೆಳು ಅಮೋನಿಯಾದಲ್ಲಿ ಒಂದು ರಾತ್ರಿ ಬಿಟ್ಟೆ. ಚಿನ್ನಕ್ಕೆ 400 ನಂಬರಿನ ವಾಟರ್ ಪೇಪರ್, ಒದ್ದೆ ಮಾಡಿ, ಒಂದೇ ದಿಕ್ಕಿಗೆ, ಹಗುರವಾಗಿ. ಚೆನ್ನಾಗಿ ತೊಳೆದು ಹೊಸ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ದ್ರಾವಣ, ಹೊಸ ಮೆಂಬ್ರೇನ್. ಆನ್ ಮಾಡಿ ಕಾಲು ಗಂಟೆ ಕಾದೆ. ಅಂಕಿ ನಿಂತಿತು. ಕ್ಯಾಪ್‌ಗಳ ಮೇಲೇ ಅಷ್ಟರಲ್ಲಿ ನಾಲ್ಕೈದು ಸಾವಿರ ಹೋಗಿತ್ತು. ಮೆಂಬ್ರೇನ್ ಒಳಗೆ ಸಾಸಿವೆ ಕಾಳಿನಷ್ಟು ಗಾಳಿ ಗುಳ್ಳೆ ಉಳಿದರೂ ಅಂಕಿ ಕುಣಿಯುತ್ತದೆ. ಗುಳ್ಳೆ ಬಾರದ ಹಾಗೆ ಮೆಂಬ್ರೇನ್ ಕೂರಿಸೋದಕ್ಕೆ ಒಂದು ಕೈಚಳಕ ಇದೆ, ಅದನ್ನ ಇಲ್ಲಿ ಬರೆಯೋದಿಲ್ಲ. ತೋಟಕ್ಕೆ ಬಂದರೆ ತೋರಿಸುತ್ತೇನೆ.

ಮೆಂಬ್ರೇನ್ ಪ್ರೋಬ್ ಅಳೆಯುವಾಗ ತಾನೇ ಸುತ್ತಲಿನ ಆಕ್ಸಿಜನ್ ತಿನ್ನುತ್ತದೆ. ನಿಂತ ನೀರಲ್ಲಿ ಸುಮ್ನೆ ಇಳಿಬಿಟ್ಟರೆ ಅಂಕಿ ಜಾರುತ್ತಲೇ ಇರುತ್ತದೆ. ನಾನು ಬಿದಿರು ಕೋಲಿಗೆ ಕಟ್ಟಿ ಆಡಿಸುತ್ತೇನೆ. ನೀರಿಗೆ ಗಾಳಿ ಕೊಡುವ ಏರೇಟರ್ ಪಕ್ಕ ಮಾತ್ರ ಹಿಡಿಯಬೇಡಿ, ಇಡೀ ಹೊಂಡದಲ್ಲಿ ಅಲ್ಲೇ ಆಕ್ಸಿಜನ್ ಜಾಸ್ತಿ.

ನಡುವೆ ಇನ್ನೊಂದು ಆಟ ಆಡಿದೆ. ಆಕ್ಸಿಜನ್ ಇಲ್ಲದ ನೀರಲ್ಲಿ ಮೀಟರ್ ಸೊನ್ನೆ ತೋರಿಸುತ್ತದಾ ನೋಡೋಕೆ, ಆಕ್ಸಿಜನ್ ತೆಗೆಯುವ ಸೋಡಿಯಂ ಸಲ್ಫೈಟ್ ಯಾಕೆ ಬೇಕು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ನೀರೇ ಇದೆಯಲ್ಲ ಅಂತ ಒಂದು ರಾತ್ರಿ ಹುಳಿ ಬಂದ ನೀರಿಗೆ ಅದ್ದಿದೆ. ಸೊನ್ನೆಯ ಹತ್ತಿರವೇ ಬಂತು. ಆದರೆ ಮೆಂಬ್ರೇನ್ ಮೇಲೆ ಲೋಳೆ ಕಟ್ಟಿತು, ತಿಕ್ಕಿದರೂ ಬಿಡಲಿಲ್ಲ. ಸಲ್ಫೈಟೇ ಅಗ್ಗ.

ದುಡ್ಡು ಉಳಿದದ್ದು ಡೀಸೆಲ್‌ನಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ನೆಚ್ಚಿಕೊಳ್ಳುವ ಹಾಗಿಲ್ಲ, ಜನರೇಟರ್ ಮೇಲೇ ಏರೇಟರ್. ಮೊದಲು ಭಯಕ್ಕೆ ರಾತ್ರಿಯಿಡೀ ಓಡಿಸುತ್ತಿದ್ದೆ. ಈಗ ಮಲಗುವ ಮುಂಚೆ ಒಮ್ಮೆ, ಎರಡು ಗಂಟೆ ಸುಮಾರಿಗೆ ಒಮ್ಮೆ ನೋಡುತ್ತೇನೆ. 4ಕ್ಕಿಂತ ಕೆಳಗೆ ಬಂದರೆ ಮಾತ್ರ ಸ್ಟಾರ್ಟ್. ಮೋಡ ಕವಿದ ದಿನಗಳ ನಂತರದ ರಾತ್ರಿಗಳಲ್ಲಿ ಬೇಗ ಇಳಿಯುತ್ತದೆ, ಬಿಸಿಲು ಬಿದ್ದಿದ್ದರೆ ಎಷ್ಟೋ ಸಲ ಮುಟ್ಟುವುದೇ ಬೇಡ. ಡೀಸೆಲ್ ಅರ್ಧಕ್ಕಿಂತ ಕಮ್ಮಿ ಆಗಿದೆ. ಆಪ್ಟಿಕಲ್ ತಗೊಳ್ಳಿ ಅಂದಿದ್ದವರಲ್ಲಿ ಇಬ್ಬರು ಮೊನ್ನೆ ತಮ್ಮ ಹಳೇ ಪ್ರೋಬ್ ಹಿಡಿದುಕೊಂಡು ಬಂದಿದ್ದರು.