ಗೇಣುದ್ದಕ್ಕೆ ಒಳಗೆ, ನಾಲ್ಕು ಬೆರಳಿಗೆ ಹೊರಗೆ

ನಮ್ಮದು ಸಿದ್ದಾಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಅದರ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಪಕ್ಕದಲ್ಲಿ ಆರು ಎಕರೆ ಬ್ಯಾಣ, ಅಂದರೆ ಹುಲ್ಲುಗಾವಲು. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಅನ್ನುವ ಸಣ್ಣ ನಾಟಿ ತಳಿಯ ಹನ್ನೆರಡು ದನಗಳಿವೆ. ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ ಸೇರಿ ನೋಡಿಕೊಳ್ಳುತ್ತೇವೆ. ಆಳುಗಳಿಲ್ಲ.

ಹತ್ತು ವರ್ಷದ ಹಿಂದೆ ಈ ಬ್ಯಾಣ ನೋಡಿದರೆ ಬೇಜಾರಾಗುತ್ತಿತ್ತು. ಬೆಳಿಗ್ಗೆ ಬಿಟ್ಟ ದನ ಸಂಜೆವರೆಗೆ ಬೇಕಾದಲ್ಲಿ ಮೇಯುತ್ತಿದ್ದವು. ದನ ಎಲ್ಲ ಹುಲ್ಲನ್ನೂ ಒಂದೇ ಸಮ ತಿನ್ನುವುದಿಲ್ಲ. ರುಚಿಯಾದ ಹುಲ್ಲು ಚಿಗುರಿದ ಕೂಡಲೇ ಹುಡುಕಿಕೊಂಡು ಮತ್ತೆ ಅಲ್ಲಿಗೇ ಬರುತ್ತವೆ. ಆ ಹುಲ್ಲಿನ ಬೇರು ಸೊರಗಿತು. ಜಾಗ ಖಾಲಿಯಾದಲ್ಲೆಲ್ಲ ಯುಪಟೋರಿಯಂ ಕಳೆ ಎದ್ದಿತು. ಜೋರು ಮಳೆ ಬಂದರೆ ಕೆಂಪು ಮಣ್ಣು ಹಳ್ಳಕ್ಕೆ ಇಳಿಯುತ್ತಿತ್ತು.

ಮೊದಲು ಮಾಡಿದ ಕೆಲಸ ಬೇಲಿ. ಮೂರು ಎಕರೆಯನ್ನು ಗ್ಲಿರಿಸೀಡಿಯ ಮರದ ಗೂಟ ನೆಟ್ಟು ಏಳು ತುಂಡು ಮಾಡಿದೆವು. ಗೂಟಗಳು ಚಿಗುರಿ ಬೇಲಿಯೇ ಸೊಪ್ಪು ಕೊಡತೊಡಗಿತು. ಮಳೆಗಾಲದಲ್ಲಿ ಒಂದು ತುಂಡಿನಲ್ಲಿ ನಾಲ್ಕು ದಿನ ಮೇಯಿಸಿ ಮುಂದಿನದಕ್ಕೆ ಹೋಗುತ್ತೇವೆ. ಸುತ್ತು ಮುಗಿಸಿ ಬರುವಷ್ಟರಲ್ಲಿ ಒಂದು ತಿಂಗಳ ಹತ್ತಿರ ಆಗಿರುತ್ತದೆ. ಹಾಗಂತ ಕ್ಯಾಲೆಂಡರ್ ನೋಡಿ ದನ ಬಿಡುವುದಿಲ್ಲ, ಹುಲ್ಲು ನೋಡಿ ಬಿಡುತ್ತೇವೆ. ಗೇಣುದ್ದ ಬೆಳೆದಾಗ ಒಳಗೆ, ನಾಲ್ಕು ಬೆರಳಿಗೆ ಇಳಿದಾಗ ಹೊರಗೆ. ದನ ನಾಲಿಗೆ ಸುತ್ತಿ ಹುಲ್ಲನ್ನು ಸೆಳೆದು ತಿನ್ನುತ್ತದೆ ಅಲ್ವಾ? ಹುಲ್ಲು ತೀರಾ ಗಿಡ್ಡವಾದರೆ ನಾಲಿಗೆಗೆ ಸಿಗುವುದಿಲ್ಲ, ಹೊಟ್ಟೆಯೂ ತುಂಬುವುದಿಲ್ಲ. ಬುಡದಲ್ಲಿ ಎಲೆ ಉಳಿಯದಿದ್ದರೆ ಹುಲ್ಲು ಮತ್ತೆ ಏಳುವುದೂ ನಿಧಾನ.

ಉಳಿದ ಮೂರು ಎಕರೆಗೆ ಮಳೆ ಹಿಡಿದ ದಿನದಿಂದ ದನ ಕಾಲಿಡುವಂತಿಲ್ಲ. ದೊಡ್ಡಬ್ಬ (ದೀಪಾವಳಿ) ಕಳೆದ ಮೇಲೆ ಅಲ್ಲಿ ಕರಡ, ಅಂದರೆ ಬಲಿತ ಒಣಹುಲ್ಲು ಕೊಯ್ಯುತ್ತೇವೆ. ಬೇಸಿಗೆಯಲ್ಲಿ ಬ್ಯಾಣಕ್ಕೆ ಬೆಂಕಿ ಹಾಕುವ ಹಳೆಯ ರೂಢಿಯನ್ನು ಪೂರ್ತಿ ಬಿಟ್ಟೆವು. ಅಪ್ಪ ಇದಕ್ಕೆ ಸುಲಭಕ್ಕೆ ಒಪ್ಪಲಿಲ್ಲ. "ಸುಟ್ಟರೆ ಹೊಸ ಹುಲ್ಲು ಬೇಗ ಬರ್ತದೆ" ಅಂತ ಅವರ ವಾದ. ಎರಡು ವರ್ಷ ಸುಡದ ತುಂಡನ್ನು ಅವರೇ ಕೈಯಾರೆ ಅಗೆದರು. ಮಣ್ಣು ಮೆತ್ತಗಿತ್ತು. ಮತ್ತೆ ಬೆಂಕಿಯ ಮಾತು ಎತ್ತಲಿಲ್ಲ.

ನನಗೆ ಹೆಚ್ಚು ಕಲಿಸಿದ್ದು ಸಗಣಿ. ಮೊದಲು ಮೂರು ತಿಂಗಳಿಗೊಮ್ಮೆ ಎಲ್ಲ ದನಕ್ಕೂ ಹೊಟ್ಟೆಹುಳದ ಇಂಜೆಕ್ಷನ್ ಹಾಕಿಸುತ್ತಿದ್ದೆ. ಆಗ ಬ್ಯಾಣದಲ್ಲಿ ಬಿದ್ದ ಸಗಣಿ ವಾರಗಟ್ಟಲೆ ಬೆರಣಿಯಂತೆ ಒಣಗಿ ಬಿದ್ದಿರುತ್ತಿತ್ತು. ಅದರ ಸುತ್ತಲಿನ ಹುಲ್ಲನ್ನು ದನ ಮೂಸಿಯೂ ನೋಡುತ್ತಿರಲಿಲ್ಲ. ಆ ಇಂಜೆಕ್ಷನ್‌ನಲ್ಲಿದ್ದ ಐವರ್ಮೆಕ್ಟಿನ್ ಔಷಧಿ ದೇಹದಿಂದ ಸಗಣಿಯಲ್ಲೇ ಹೊರಬರುತ್ತದೆ, ಸಗಣಿಯನ್ನು ಮಣ್ಣಿಗಿಳಿಸುವ ಸಗಣಿ ಹುಳದ (ಸಗಣಿ ಜೀರುಂಡೆ) ಮರಿಗಳನ್ನು ಕೊಲ್ಲುತ್ತದೆ ಅಂತ ಆಮೇಲೆ ತಿಳಿಯಿತು. ಈಗ ಪಶು ಆಸ್ಪತ್ರೆಗೆ ಸಗಣಿ ಕೊಟ್ಟು ಪರೀಕ್ಷೆ ಮಾಡಿಸಿ, ಬೇಕಾದ ದನಕ್ಕೆ ಮಾತ್ರ ಔಷಧಿ. ಆ ದನವನ್ನು ಕೆಲವು ವಾರ ಬ್ಯಾಣಕ್ಕೆ ಬಿಡುವುದಿಲ್ಲ. ಮೂರನೇ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹಿಂದಿನ ದಿನದ ಸಗಣಿಯನ್ನು ಕೋಲಿನಿಂದ ಮಗುಚಿದೆ. ಒಳಗೆಲ್ಲ ಪೊಳ್ಳು. ಅಡಿಯಲ್ಲಿ ಕಿರುಬೆರಳು ಹೋಗುವಷ್ಟು ತೂತುಗಳು, ಪಕ್ಕದಲ್ಲಿ ಹೊಸ ಮಣ್ಣಿನ ಸಣ್ಣ ಗುಡ್ಡೆ. ಕಪ್ಪಗೆ ಮಿರಮಿರ ಹೊಳೆಯುವ ಹುಳಗಳು ಸಗಣಿಯನ್ನು ಕೆಳಗೆ ಸಾಗಿಸುತ್ತಿದ್ದವು. ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಗೊಬ್ಬರ ಹೊತ್ತು ಹಾಕದೆ ಬೇರಿಗೇ ಸೇರುತ್ತಿತ್ತು.

ದನ ಎಷ್ಟಿರಬೇಕು ಅನ್ನುವುದನ್ನು ಕರಡವೇ ಹೇಳುತ್ತದೆ. ಗಿಡ್ಡ ಹಸುವಿನ ತೂಕ ಸುಮಾರು 120 ಕಿಲೋ. ದಿನಕ್ಕೆ ಮೂರು ಕಿಲೋ ಒಣಹುಲ್ಲು ಸಾಕು. ಹಸಿರು ಹುಲ್ಲಿಲ್ಲದ ನಾಲ್ಕು ತಿಂಗಳಿಗೆ ತಲಾ 360 ಕಿಲೋ. ಹನ್ನೆರಡಕ್ಕೆ ಸುಮಾರು 4,300 ಕಿಲೋ. ನಮ್ಮ ಕರಡ, ಗದ್ದೆಯ ಹುಲ್ಲು ಸೇರಿದರೆ ಅಷ್ಟೇ ಆಗುವುದು. ಹಿಂದೆ ಸಾಲ ಮಾಡಿ ಒಂದು ಜರ್ಸಿ ಮಿಶ್ರತಳಿ ತಂದಿದ್ದೆ. ಹಾಲು ಜಾಸ್ತಿ ಇತ್ತು, ನಿಜ. ಆದರೆ ಹಿಂಡಿಗೆ ಹಣ ಸುರಿದೆ, ಮಳೆಗಾಲ ಪೂರ್ತಿ ಗೊರಸು ಕೊಳೆಯುತ್ತಿತ್ತು. ಒಂದು ದಿನ ಇಳಿಜಾರಿನಲ್ಲಿ ಜಾರಿ ಬಿದ್ದು ಕಾಲು ಮುರಿಯಿತು. ಆ ನೋವು ನನಗೆ ಇನ್ನೂ ಇದೆ. ಈ ಗುಡ್ಡಕ್ಕೆ ಗಿಡ್ಡವೇ ಸರಿ.

ದುಡ್ಡಿನ ಮಾತು ನೇರವಾಗಿ ಹೇಳುತ್ತೇನೆ. ಒಂದು ಗಿಡ್ಡ ದಿನಕ್ಕೆ ಎರಡು ಲೀಟರ್ ಕೊಟ್ಟರೆ ಖುಷಿ. ಮನೆಬಳಕೆ ಕಳೆದು ಉಳಿದ ಹಾಲು ತುಪ್ಪವಾಗುತ್ತದೆ. ನಮಗೆ ಲಾಭ ಗೊಬ್ಬರಗುಂಡಿಯಲ್ಲಿ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು (ಒಣಗಿದ ಎಲೆ) ಕೊಟ್ಟಿಗೆಗೆ ಹಾಸುತ್ತೇವೆ. ಆ ಗೊಬ್ಬರದಿಂದಾಗಿ ತೋಟಕ್ಕೆ ಹೊರಗಿನ ಗೊಬ್ಬರ ಕೊಳ್ಳುವುದು ನಿಂತಿದೆ.

ದನದ ರಕ್ತ ಹೀರುವ ಉಣುಗಿನ ವಿಷಯದಲ್ಲಿ ಮಾತ್ರ ಸಡಿಲ ಬಿಡುವುದಿಲ್ಲ. ಉಣುಗು ಕಚ್ಚಿ ಜನರಿಗೆ ಬರುವ ಮಂಗನ ಕಾಯಿಲೆ ಮೊದಲು ಕಂಡಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ತಾಲ್ಲೂಕೂ ಅದನ್ನು ಕಂಡಿದೆ. ಕಾಡಿಗೆ ಹೋದ ದನ ಉಣುಗು ಹೊತ್ತು ಮನೆಗೆ ಬರುತ್ತದೆ. ಅದಕ್ಕೇ ಚಳಿಗಾಲದಿಂದ ಮಳೆ ಬೀಳುವವರೆಗೆ ದನ ಕಾಡಿಗಿಲ್ಲ. ಸಂಜೆ ಅಕ್ಕಚ್ಚು ಕುಡಿಯುವ ಹೊತ್ತಿಗೆ ಅಮ್ಮ ಒಂದೊಂದರ ಕಿವಿ, ಕೆಚ್ಚಲು, ಬಾಲದ ಬುಡ ತಡವಿ ನೋಡುತ್ತಾರೆ.

ಗಂಡುಕರುಗಳ ಪ್ರಶ್ನೆಗೆ ನನಗಿನ್ನೂ ದಾರಿ ಸಿಕ್ಕಿಲ್ಲ. ಎತ್ತು ಕಟ್ಟಿ ಗದ್ದೆ ಉಳುವವರು ಕಡಿಮೆಯಾದರು. ಕಳೆದ ವರ್ಷ ಒಂದು ಹೋರಿಕರುವನ್ನು ಉಳುಮೆಗೆ ಒಯ್ದರು. ಇನ್ನೆರಡು ಕೊಟ್ಟಿಗೆಯಲ್ಲೇ ಇವೆ. ಈ ಸಲ ಕರಡ ಎಣಿಸುವಾಗ ಅವುಗಳ ಪಾಲನ್ನೂ ಸೇರಿಸಿದ್ದೇನೆ.