ಬೇವಿನ ಗಿಡ ಕಡಿಸಲಿಲ್ಲ

ಮಕ್ಕಳಿಗೆ ಮನಸಾರೆ ಆಡಲು ಜಾಗ ಬಿಟ್ಟುಕೊಟ್ಟ ಮೂರನೇ ತಿಂಗಳಿಗೇ ಒಬ್ಬ ಹುಡುಗ ಬೇವಿನ ಗಿಡದಿಂದ ಬಿದ್ದು ಕೈ ಮುರಿದುಕೊಂಡ. ಬೀದರಿನ ನಮ್ಮ ಮನೆ ಹಿಂದಿನ ಜಾಗದಲ್ಲಿ, ನನ್ನ ಕಣ್ಣೆದುರಿಗೇ. ಅವನ ಅವ್ವನಿಗೆ ಮುಖ ತೋರಿಸಲು ನನಗೆ ಧೈರ್ಯ ಇರಲಿಲ್ಲ. ಆಕೆಯೇ ಬಂದು ಅಂದರು: "ಕೈ ಕೂಡ್ತದ್ರಿ ಮೇಡಂ. ಆಸ್ಪತ್ರ್ಯಾಗ ಅವ ಕೇಳಿದ್ದೇ ಒಂದು, ಗಿಡ ಕಡಸ್ತಾರೇನು ಅಂತ. ಕಡಸಬ್ಯಾಡ್ರಿ."

ಇದೆಲ್ಲ ಶುರುವಾದದ್ದು ನನ್ನ ಮಗನಿಂದ. ನಾವು ಎರಡು ವರ್ಷ ಜರ್ಮನಿಯಲ್ಲಿದ್ದೆವು. ಅಲ್ಲಿ ಅವನು ಹೋಗುತ್ತಿದ್ದದ್ದು ಕಾಡಿನ ಶಿಶುವಿಹಾರಕ್ಕೆ. ಗೋಡೆ ಇಲ್ಲ, ಮಳೆ ಬಂದರೂ ಹೊರಗೇ. ಐದು ವರ್ಷದ ಮಕ್ಕಳ ಕೈಗೆ ಚಾಕು ಕೊಡುತ್ತಿದ್ದರು. ಮೊದಲ ದಿನ ನನಗೆ ಎದೆ ಧಸಕ್ಕೆಂದಿತು. ಆದರೆ ಚಾಕಿನ ಜೊತೆ ಮೂರು ಮಾತು ಕಲಿಸಿದ್ದರು. ಕೂತೇ ಕೆತ್ತಬೇಕು. ಮೈಯಿಂದ ಆಚೆಗೆ ಕೆತ್ತಬೇಕು. ಕೈ ಚಾಚಿದರೆ ಯಾರಿಗೂ ತಾಗಬಾರದು. ಮರಕ್ಕೆ ಯಾರನ್ನೂ ಎತ್ತಿ ಹತ್ತಿಸುತ್ತಿರಲಿಲ್ಲ. ಮಗು ತಾನಾಗಿ ಎಷ್ಟು ಹತ್ತುತ್ತದೋ ಅಷ್ಟೇ ಎತ್ತರ.

ಒಂದೊಂದು ದೇಶಕ್ಕೆ ಒಂದೊಂದು ಭಯ. ಚಾಕು ಕೊಡುವ ಅದೇ ಜರ್ಮನಿಯಲ್ಲಿ, ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಲು ಕಾನೂನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಒಪ್ಪುತ್ತದೆ. ಅಮೆರಿಕದ ಯೂಟಾ ರಾಜ್ಯದಲ್ಲಿ, ಮಗು ಒಂಟಿಯಾಗಿ ಶಾಲೆಗೆ ನಡೆದು ಹೋದರೆ ಅದು ಹೆತ್ತವರ ನಿರ್ಲಕ್ಷ್ಯ ಅಲ್ಲ ಅಂತ ಹೇಳಲು 2018ರಲ್ಲಿ ಕಾನೂನೇ ಬೇಕಾಯಿತು!

ನಮ್ಮದು ಇನ್ನೊಂದು ಥರ. ವಾಪಸ್ ಬಂದು ಮಗನನ್ನು ಸೇರಿಸಿದ ಶಾಲೆಯಲ್ಲಿ ಬಿಡುವಿನ ಹೊತ್ತಲ್ಲೂ ಓಡುವಂತಿರಲಿಲ್ಲ. ಬಿದ್ದರೆ ಯಾರು ಹೊಣೆ ಅನ್ನುತ್ತಿದ್ದರು. ಸರಿ. ಆದರೆ ಸಂಜೆ ಅದೇ ಮಕ್ಕಳು ಒಂದೇ ಆಟೋದಲ್ಲಿ ಹನ್ನೆರಡು ಜನ. ಡ್ರೈವರ್ ಪಕ್ಕದಲ್ಲೂ ಇಬ್ಬರು, ಒಂದು ಕಾಲು ಹೊರಗೆ. ಓಡಿ ಬಿದ್ದರೆ ಮೊಣಕಾಲು ತರಚುತ್ತದೆ. ಆಟೋ ಮಗುಚಿದರೆ? ಅದನ್ನು ಯಾರೂ ಕೇಳಲಿಲ್ಲ. ನನಗೆ ಈಗಲೂ ಸಿಟ್ಟಿದೆ.

ಹಾಗಂತ ಶಾಲೆ ತೆರೆಯಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ. ಸಂಜೆ ಎರಡು ತಾಸು, ಭಾನುವಾರ ಅರ್ಧ ದಿನ, ಹನ್ನೊಂದು ಮಕ್ಕಳು, ಅಷ್ಟೇ.

ಮೊದಲ ವಾರ ಮಕ್ಕಳನ್ನು ಕರೆಯಲೇ ಇಲ್ಲ. ನಾನೇ ಜಾಗವೆಲ್ಲ ಓಡಾಡಿದೆ. ಮಗುವಿನ ಕಣ್ಣಿಗೆ ಕಾಣುವ ಅಪಾಯ ಇರಲಿ, ಕಾಣದ್ದು ಮಾತ್ರ ಹೋಗಲಿ ಅಂದುಕೊಂಡೆ. ಎತ್ತರ ಕಾಣುತ್ತದೆ, ಒಳಗೇ ಒಣಗಿದ ಕೊಂಬೆ ಕಾಣುವುದಿಲ್ಲ. ಹಾಗಾಗಿ ಪ್ರತಿ ಕೊಂಬೆಗೂ ಜೋತುಬಿದ್ದು ನೋಡಿ, ಒಂದನ್ನು ಕಡಿಸಿದೆ. ಮೂಲೆಯಲ್ಲಿದ್ದ ಕೆಂಪು ಕಲ್ಲಿನ ರಾಶಿ ತೆಗೆಸಿದಾಗ ಎರಡು ಚೇಳು ಸಿಕ್ಕವು. ಬೋರ್‌ವೆಲ್ ಮೋಟಾರಿನ ವೈರನ್ನು ಪೈಪಿನೊಳಗೆ ಹಾಕಿಸಿದೆ. ಒಲೆ, ಈಳಿಗೆ, ಸುತ್ತಿಗೆ ಉಳಿದವು. ಎಂಟು ವರ್ಷದ ಹುಡುಗಿ ಈಗ ಕಟ್ಟಿಗೆ ಒಲೆ ಮೇಲೆ ಜೋಳದ ರೊಟ್ಟಿ ಬೇಯಿಸುತ್ತಾಳೆ. ಬೆರಳ ತುದಿ ಎರಡು ಸಲ ಸುಟ್ಟಿದೆ, ಮೂರನೇ ಸಲ ಸುಟ್ಟಿಲ್ಲ.

ಬಿಸಿಲಿನ ವಿಷಯದಲ್ಲಿ ಮಾತ್ರ ನಾನು ತುಂಬಾ ಬಿಗಿ. ಇಲ್ಲಿ ಏಪ್ರಿಲ್, ಮೇನಲ್ಲಿ ಕೆಲವು ದಿನ 40 ಡಿಗ್ರಿ ದಾಟುತ್ತದೆ. ಆಟದಲ್ಲಿ ಮುಳುಗಿದ ಮಗುವಿಗೆ ಬಿಸಿಲು ತಲೆಗೇರುವುದು ಗೊತ್ತೇ ಆಗುವುದಿಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಹೊರಗಿಲ್ಲ.

ಇನ್ನು ಆ ಕೈ. ಹಿಂದಿನ ರಾತ್ರಿ ಮಳೆ ಬಂದಿತ್ತು. ತೊಗಟೆ ಮೇಲೆ ಒಣಗಿದಂತೆ ಕಂಡರೂ ಸಂದಿಯಲ್ಲಿ ಜಾರುತ್ತಿತ್ತು. ಅದು ಕಾಣದ ಅಪಾಯ. ನನಗೆ ಹೊಳೆದಿರಬೇಕಿತ್ತು, ತಪ್ಪು ನನ್ನದೇ. ಈಗ ಮಳೆ ಬಂದ ಮರುದಿನ ಮೊದಲು ನಾನು ತೊಗಟೆ ಮುಟ್ಟಿ ನೋಡುತ್ತೇನೆ, ನನ್ನ ಜೊತೆ ಆ ಹುಡುಗನೂ.

ಮುಂದಿನದು ಈಜು. ನಮ್ಮಪ್ಪನ ಕಾಲದಲ್ಲಿ ಸೊಂಟಕ್ಕೆ ಬೆಂಡು ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಮೆಟ್ಟಿಲಿರುವ ಬಾವಿ ಒಂದು ಗೊತ್ತಾಗಿದೆ. ಚೆನ್ನಾಗಿ ಈಜು ಬಲ್ಲವರು ಇಬ್ಬರಿಲ್ಲದೆ ಇಳಿಸುವುದಿಲ್ಲ. ಸದ್ಯಕ್ಕೆ ಒಬ್ಬರೇ ಸಿಕ್ಕಿದ್ದಾರೆ.