ಕುತ್ತಿಗೆಯ ಕಪ್ಪು ಮತ್ತು ಒಂದೆಲಗದ ತಂಬುಳಿ

ನಮ್ಮ ಬಚ್ಚಲಿನ ಗೂಡಿನಲ್ಲಿ ಹಿಂದೆ ಒಂದು ಸಾಬೂನು ಮತ್ತು ಒಂದು ಡಬ್ಬಿ ಕಡಲೆಹಿಟ್ಟು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಈಗ ಮೊಮ್ಮಗಳು ಬೆಂಗಳೂರಿನಿಂದ ರಜೆಗೆ ಬಂದಳೆಂದರೆ ಅಲ್ಲಿ 11 ಶೀಶೆಗಳು ಸಾಲಾಗಿ ನಿಲ್ಲುತ್ತವೆ. ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಪೊಟ್ಟಣದ ಕುರುಕಲು ತಿಂದು, ರಾತ್ರಿ ಒಂದೂವರೆಯವರೆಗೆ ಮೊಬೈಲು ನೋಡಿ ಮಲಗುವ ಹುಡುಗಿ ಮರುದಿನ ಕನ್ನಡಿಯ ಮುಂದೆ ನಿಂತು, ‘ಅಜ್ಜಿ, ಮುಖ ಯಾಕೆ ಹೀಗೆ ಕಳೆಗುಂದಿದೆ?’ ಎಂದು ಕೇಳಿದಾಗ ಬರುವ ಸಿಟ್ಟನ್ನು ಬರೆದಾದರೂ ತೀರಿಸಿಕೊಳ್ಳೋಣವೆಂದು ಕುಳಿತಿದ್ದೇನೆ.

ನನ್ನ ತಮ್ಮನ ಮಗಳ ಕುತ್ತಿಗೆಯ ಹಿಂಭಾಗ ಅವಳ 17ನೆಯ ವಯಸ್ಸಿನಲ್ಲಿ ಕಪ್ಪಾಗತೊಡಗಿತು. ಮನೆಯವರೆಲ್ಲ ಅದನ್ನು ಕೊಳೆಯೆಂದೇ ತಿಳಿದರು. ಅವಳು ನಿಂಬೆಹಣ್ಣನ್ನು ಸಕ್ಕರೆಯಲ್ಲಿ ಅದ್ದಿ, ಹಿತ್ತಾಳೆಯ ಚೊಂಬನ್ನು ಹುಣಸೆಹಣ್ಣಿನಿಂದ ತಿಕ್ಕುವಂತೆ ದಿನವೂ ತಿಕ್ಕಿ ಚರ್ಮ ಸುಲಿದುಕೊಂಡಳೇ ಹೊರತು ಕಪ್ಪು ಹೋಗಲಿಲ್ಲ. (ಹಿತ್ತಾಳೆಯನ್ನಾದರೂ ಸರಿಯಾಗಿ ತಿಕ್ಕುತ್ತೀರೋ ಎಂದರೆ ಅದೂ ಇಲ್ಲ, ತೊಳೆದ ತಕ್ಷಣ ಒಣಬಟ್ಟೆಯಿಂದ ಒರೆಸದೆ ಹಾಗೆಯೇ ಬೋರಲು ಹಾಕಿದರೆ ನೀರಿನ ಕಲೆ ನಿಲ್ಲದೆ ಇನ್ನೇನಾದೀತು?) ಕೊನೆಗೆ ಚರ್ಮದ ವೈದ್ಯರು ಮುಲಾಮು ಬರೆಯುವ ಬದಲು ರಕ್ತಪರೀಕ್ಷೆ ಬರೆದುಕೊಟ್ಟರು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದೆ ರಕ್ತದಲ್ಲಿ ಅದರ ಪ್ರಮಾಣ ಏರಿದಾಗ ಕುತ್ತಿಗೆ, ಕಂಕುಳುಗಳ ಚರ್ಮ ದಪ್ಪವಾಗಿ, ಮಖಮಲ್ಲಿನಂತೆ ಕಪ್ಪಾಗುವುದುಂಟು. ಅಕಾಂಥೋಸಿಸ್ ನೈಗ್ರಿಕಾನ್ಸ್ ಎಂದು ಅದರ ಹೆಸರಂತೆ. ಮುಂದೆ ಸಕ್ಕರೆ ಕಾಯಿಲೆ ಬರಬಹುದೆಂಬ ಮುನ್ಸೂಚನೆಯೂ ಅದಾಗಿರಬಹುದು. ಸಿಹಿ ಪಾನೀಯ ಬಿಟ್ಟು, ದಿನವೂ ನಡೆದು, ತೂಕ ಇಳಿಸಿದ ಮೇಲೆ ಎಷ್ಟೋ ತಿಂಗಳಿಗೆ ಆ ಕಪ್ಪು ತಿಳಿಯಾಯಿತು. ಮೊಡವೆಗೂ ಇದೇ ಮಾತು ಬಹುಮಟ್ಟಿಗೆ ಹೊಂದುತ್ತದೆ: ಮೈದಾ, ಸಕ್ಕರೆಗಳು ರಕ್ತದ ಸಕ್ಕರೆಯನ್ನು ಬೇಗ ಏರಿಸುವುದರಿಂದ ಕೆಲವರಲ್ಲಿ ಮೊಡವೆ ಹೆಚ್ಚುತ್ತದೆ. ಮುಟ್ಟು ಏರುಪೇರಾಗಿ, ಗಲ್ಲದಲ್ಲಿ ಗಟ್ಟಿ ಮೊಡವೆಗಳೂ ಕೂದಲೂ ಕಾಣಿಸಿಕೊಂಡರೆ ಸೀರಮ್ ಕೊಳ್ಳುವುದಲ್ಲ, ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು.

ನಮ್ಮ ಅತ್ತೆಯವರಿಗೆ ಓದುಬರಹ ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಮನೆಯ ಹೆಣ್ಣುಮಕ್ಕಳಲ್ಲಿ ಯಾರಾದರೂ ಬಿಳಿಚಿಕೊಂಡಂತೆ ಕಂಡರೆ ಹತ್ತಿರ ಕರೆದು, ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಕೆಂಪು ನೋಡುತ್ತಿದ್ದರು. ಅದು ಮಾಸಿದ್ದರೆ ಮರುದಿನದಿಂದಲೇ ಅವಳ ತಟ್ಟೆಗೆ ಕಬ್ಬಿಣದ ಬಾಣಲೆಯಲ್ಲಿ ಬಾಡಿಸಿದ ಹರಿವೆಸೊಪ್ಪು, ಮೇಲೆ ಹಿಂಡಿದ ನಿಂಬೆರಸ. ನೀವು ಮಾಡುವುದೇನು? ಊಟದ ಕೈ ಒಣಗುವ ಮೊದಲೇ ಚಹಾ ಕುಡಿಯುತ್ತೀರಿ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ಚಹಾದ ಒಗರು ತಡೆಯುತ್ತದೆ, ಹುಳಿಹಣ್ಣಿನ ಸಿ ಜೀವಸತ್ವ ಅದಕ್ಕೆ ನೆರವಾಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ಇನ್ನು ಚರ್ಮ ಒರಟಾಗಿ, ಕೂದಲು ಉದುರಿ, ಎಲ್ಲರಿಗೂ ಸೆಕೆಯಾಗುವಾಗ ನಿಮಗೊಬ್ಬರಿಗೇ ಚಳಿಯಾಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅದಕ್ಕೆ ಅಡುಗೆಮನೆಯಲ್ಲಿ ಮದ್ದಿಲ್ಲ.

ನಿದ್ದೆಯ ವಿಷಯ ಹೇಳಿ ಹೇಳಿ ಸಾಕಾಗಿದೆ. ಹನ್ನೊಂದಕ್ಕೆ ದೀಪ ಆರಿಸಿ, ಅಷ್ಟೇ. ಹೊಸ ಚರ್ಮಕೋಶ ಒಳಗಿನಿಂದ ಮೇಲೆ ಬಂದು ಉದುರಲು ಸುಮಾರು 4 ವಾರ ಬೇಕು, ವಯಸ್ಸಾದ ನಮಗೆ ಇನ್ನೂ ಹೆಚ್ಚು. ಮೂರು ದಿನ ನೇಮದಿಂದಿದ್ದು ನಾಲ್ಕನೆಯ ದಿನ ಕನ್ನಡಿ ನೋಡಿ ಮುಖ ಸಿಂಡರಿಸಿಕೊಳ್ಳುವವರಿಗೆ ನಾನು ಏನು ಹೇಳಲಿ!

ಈಗ ಒಂದೆಲಗದ ತಂಬುಳಿಗೆ, ಅಂದರೆ ಆ ಸೊಪ್ಪನ್ನು ರುಬ್ಬಿ ಮಜ್ಜಿಗೆಯಲ್ಲಿ ಕಲಸುವ ತಣ್ಣನೆಯ ಮೇಲೋಗರಕ್ಕೆ, ಬರುತ್ತೇನೆ. ಇದನ್ನು ಉಂಡರೆ ಬೆಳ್ಳಗಾಗುತ್ತೀರೆಂದು ಹೇಳುವ ಸುಳ್ಳುಗಾತಿ ನಾನಲ್ಲ, ಬೆಳ್ಳಗಾಗುವ ಅಗತ್ಯವೂ ನಿಮಗಿಲ್ಲ. ಆದರೆ ಮಧ್ಯಾಹ್ನದ ಊಟವನ್ನು ತಂಬುಳಿಯಿಂದ ಆರಂಭಿಸಿದವರಿಗೆ ಹೊಟ್ಟೆ ಹಗುರವಾಗಿದ್ದು, ನಾಲ್ಕು ಗಂಟೆಗೆ ಕರಿದದ್ದಕ್ಕೆ ಕೈಚಾಚುವ ಚಪಲ ಕಡಿಮೆಯಾಗುವುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಸೊಪ್ಪನ್ನು ಬೇರು ತೆಗೆದು ಮೂರು ನೀರಿನಲ್ಲಿ ತೊಳೆಯಬೇಕು, ಏಕೆಂದರೆ ನೆಲಕ್ಕಂಟಿಕೊಂಡು ಹಬ್ಬುವ ಗಿಡದಲ್ಲಿ ಮರಳು ಅಡಗಿರುತ್ತದೆ. ಒಂದು ಮುಷ್ಟಿ ಸೊಪ್ಪಿಗೆ ತುಪ್ಪ ಬಾಣಲೆಯ ತಳ ನೆನೆಯುವಷ್ಟು ಸಾಕು. ಸಣ್ಣ ಉರಿಯಲ್ಲಿ ಮೊದಲು ಜೀರಿಗೆ ಮತ್ತು ನಾಲ್ಕು ಕಾಳುಮೆಣಸು ಹಾಕಿ. ಜೀರಿಗೆ ಉಬ್ಬಿ ಪರಿಮಳ ಬರಬೇಕು, ಕೆಂಪಾಗಬಾರದು, ಕೆಂಪಾದರೆ ತಂಬುಳಿ ಕಹಿಯೇ. ಆಮೇಲೆ ಸೊಪ್ಪು ಹಾಕಿ, ಅದು ಬಾಡಿ ಕುಗ್ಗಿದೊಡನೆ, ಹಸಿರು ಮಾಸುವ ಮೊದಲೇ ಇಳಿಸಬೇಕು. ಪೂರ್ತಿ ಆರಿದ ಮೇಲೆಯೇ ಹಸಿ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಬೇಕು. ಬಿಸಿಯಿರುವಾಗಲೇ ಮಿಕ್ಸಿಗೆ ಸುರಿದು, ಅದೇ ಬಿಸಿಗೆ ಮಜ್ಜಿಗೆ ಬೆರೆಸಿ, ಒಡೆಯಿತೆಂದು ನನಗೆ ಫೋನ್ ಮಾಡಬೇಡಿ. ಮಜ್ಜಿಗೆ ಅಂದೇ ಕಡೆದದ್ದಾಗಿರಲಿ, ಹುಳಿ ನಾಲಿಗೆಯ ತುದಿಗೆ ತಾಗಿದರೆ ಸಾಕು. ಉಪ್ಪು ಹಾಕಿ ಸೌಟಿನಿಂದ ನಿಧಾನವಾಗಿ ಕಲಸಿ, ಸಾಸಿವೆ ಮತ್ತು ಒಂದು ಒಣಮೆಣಸಿನ ಒಗ್ಗರಣೆ ಕೊಡಿ. ಒಲೆಯ ಮೇಲೆ ಮತ್ತೆ ಇಡಲೇಬಾರದು; ಕುದಿಸಿದ್ದು ತಂಬುಳಿಯಲ್ಲ.

ಬಿಸಿ ಅನ್ನಕ್ಕೆ ಮೊದಲು ಇದನ್ನೇ ಕಲಸಿಕೊಳ್ಳಿ, ಸಾರು ಆಮೇಲೆ. ಪಾತ್ರೆಯಲ್ಲಿ ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಬಡಿಸುವ ಸೋಮಾರಿತನ ಬೇಡ. ಊಟ ಮುಗಿಯುತ್ತಲೇ ಲೋಟಕ್ಕೆ ಬಗ್ಗಿಸಿಕೊಂಡು ಯಾರಾದರೊಬ್ಬರು ಕುಡಿದುಬಿಡಿ. ನಮ್ಮ ಮನೆಯಲ್ಲಿ ಆ ಲೋಟ ಯಾವಾಗಲೂ ನನ್ನದೇ.